ಕವಲಿಗೆ ಕಡ್ಡಿ ಕಟ್ಟಿದ ಮೇಷ್ಟ್ರು

ಕಳೆದ ವಾರ ಮೇಜಿನ ಖಾನೆ ಖಾಲಿ ಮಾಡುವಾಗ ಹಳೆಯ ಕ್ಯಾಲ್ಕುಲೇಟರ್ ಸಿಕ್ಕಿತು. ಪರದೆಯೊಳಗೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಹರಡಿತ್ತು. ಕಂಡದ್ದೇ ಸಾಗರದ ಕಾಲೇಜಿನ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ನೆನಪಾದರು. ಇಂಥದೇ ಪರದೆಗೆ ಬೆರಳೊತ್ತಿ, "ಇದು ಹರಿಯೋದು ನೀರಿನ ಹಾಗೆ, ಸಾಲಲ್ಲಿ ನಿಲ್ಲೋದು ಹರಳಿನ ಹಾಗೆ. ದ್ರವ ಸ್ಫಟಿಕ ಅಂದ್ರೆ ಇದೇ" ಎಂದಿದ್ದರು. ಮುಂದೆ ಸಂಶೋಧನೆಗೆ ನಾನು ಅದನ್ನೇ ಹಿಡಿದದ್ದು ಆ ಒಂದು ತರಗತಿಯಿಂದ.

ನನ್ನ ಕೆಲಸ ಕವಲೊಡೆದ ಪಾಲಿಮರ್‌ಗಳ ಮೇಲೆ. ಮರದ ಹಾಗೆ ಟಿಸಿಲೊಡೆಯುವ ದೊಡ್ಡ ಅಣು. ಅದರ ತುದಿಗಳಿಗೆ ಕಡ್ಡಿಯಂಥ ಗಟ್ಟಿ ತುಣುಕುಗಳನ್ನು ಜೋಡಿಸಬೇಕು. ಅವು ಸಾಲಾಗಿ ನಿಂತರೆ ದ್ರವ ಸ್ಫಟಿಕ. ಮೂರು ವರ್ಷವಾದರೂ ನಿಲ್ಲಲಿಲ್ಲ. ಸಾಲು ನಿಂತಿದ್ದರೆ ಮೈಕ್ರೋಸ್ಕೋಪಿನಲ್ಲಿ ಬಣ್ಣ ಕಾಣಬೇಕಿತ್ತು; ಕಂಡದ್ದು ಬರೀ ಕತ್ತಲೆ. ಗೈಡ್ ವಿಷಯ ಬದಲಿಸು ಎಂದರು. ಒಂದು ಚಿತ್ರದಲ್ಲಿ ಮಾತ್ರ ಏನೋ ಮಿನುಗಿತ್ತು. ಧೂಳೆಂದು ನನಗೆ ಗೊತ್ತಿತ್ತು. ಆದರೂ ಅದನ್ನೇ ವರದಿಗೆ ಹಾಕಿಬಿಡೋಣವೇ ಎಂದು…

ಆ ಯೋಚನೆ ಹೊತ್ತುಕೊಂಡೇ ಹೊಸನಗರಕ್ಕೆ ಹೋದೆ. ನಿವೃತ್ತರಾದ ಮೇಷ್ಟ್ರು ಅಲ್ಲಿ ತಂಗಿಯ ಮನೆಯಲ್ಲಿದ್ದರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಎಲ್ಲ ಹೇಳಿದೆ, ಧೂಳಿನ ಚಿತ್ರವನ್ನೂ.

"ನಾನೂ ಇಂಥದ್ದೇ ಸಂಶೋಧನೆ ಮಾಡ್ತಿದ್ದೆ ಮಾರಾಯ್ತಿ. ಬರ್ಲಿಲ್ಲ ಅಂತ ಸೀಸೆ ಚೆಲ್ಲಿ ಸಾಗರಕ್ಕೆ ಬಂದ್ಬಿಟ್ಟೆ. ಯಾಕೆ ಬರ್ಲಿಲ್ಲ ಅಂತ ಕೇಳ್ಲೇ ಇಲ್ಲ."

ಅಷ್ಟು ವರ್ಷ ಪಾಠ ಕೇಳಿದ ನಮಗಾರಿಗೂ ಅದು ಗೊತ್ತಿರಲಿಲ್ಲ.

ಆಮೇಲೆ ತಂಗಿಯಿಂದ ಊದುಬತ್ತಿಯ ಕಡ್ಡಿ, ದಾರ ತರಿಸಿದರು. ಅಂಗಳದಿಂದ ಒಂದು ಒಣ ರೆಂಬೆ ನಾನು ತಂದೆ. ತಡವಿಕೊಂಡೇ ಕಡ್ಡಿಗಳನ್ನು ಕವಲುಗಳಿಗೆ ಬಿಗಿದರು. ಒಂದೊಂದು ಒಂದೊಂದು ದಿಕ್ಕಿಗೆ ಚಾಚಿಕೊಂಡವು.

"ಕೊಂಬೆ ಎತ್ತ ತಿರುಗಿತೋ ಅತ್ತ ತಿರುಗತ್ತೆ. ಕಡ್ಡಿ ಪಾಪ ಎಂತ ಮಾಡತ್ತೆ? ನಿನ್ನ ಅಣೂಲಿ ಕವಲಿಗೂ ಕಡ್ಡಿಗೂ ನಡುವೆ ದಾರ ಎಷ್ಟುದ್ದ?"

"ಮೂರೇ ಕಾರ್ಬನ್, ಸರ್."

"ಉದ್ದ ಮಾಡು. ಕವಲಿನ ಹಂಗು ಬಿಡಿಸು."

ಕಟ್ಟು ಬಿಚ್ಚಿ, ಗೇಣುದ್ದ ದಾರದಲ್ಲಿ ಮತ್ತೆ ಕಟ್ಟಿ ಎತ್ತಿ ಹಿಡಿದರು. ಕಡ್ಡಿಗಳು ಪಕ್ಕಪಕ್ಕ ಇಳಿಬಿದ್ದವು.

ಮರಳಿ ಹೋದವಳೇ ಧೂಳಿನ ಚಿತ್ರ ಅಳಿಸಿದೆ. ಮೂರು ಕಾರ್ಬನ್ ಇದ್ದಲ್ಲಿ ಹತ್ತರ ಕೊಂಡಿ ಹಾಕಲು ಎಂಟು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ, ಮೈಕ್ರೋಸ್ಕೋಪಿನಡಿ ತಣಿಯುತ್ತಿದ್ದ ಹನಿಯ ಕತ್ತಲೆಯೊಳಗೆ ಬಣ್ಣ ಬಿಚ್ಚಿಕೊಂಡಿತು. ನಾನು ಕುರ್ಚಿಯಲ್ಲೇ ಅತ್ತುಬಿಟ್ಟೆ.

ಚಿತ್ರ ಅಚ್ಚು ಹಾಕಿಸಿ ಹೊಸನಗರಕ್ಕೆ ಒಯ್ದೆ. ಕೈಯಲ್ಲಿ ಹಿಡಿದು, "ನಂಗೆ ಕಾಣಲ್ಲ, ನೀನೇ ಹೇಳು" ಎಂದರು. ಹಳದಿ, ನೀಲಿ, ಬೀಸಣಿಗೆಗಳು ಬಿಚ್ಚಿಕೊಂಡ ಹಾಗೆ ಎಂದೆ.

"ಧೂಳಲ್ಲ ತಾನೆ?" ಎಂದು ಜೋರಾಗಿ ನಕ್ಕರು.

ಲೇಖನದಲ್ಲಿ ನಿಮ್ಮ ಹೆಸರೂ ಹಾಕುತ್ತೇನೆ ಎಂದೆ. "ಕಡ್ಡಿ ಕಟ್ಟಿದ್ದಕ್ಕೆಲ್ಲ ಎಂತ ಹೆಸ್ರು, ಬೇಡ" ಎಂದರು. ನಾನು ಸುಲಭವಾಗಿ ಒಪ್ಪಿಕೊಂಡೆ.

ಅವರು ಹೋಗಿ ಈಗ ಆರು ವರ್ಷ. ಸುದ್ದಿ ಮುಟ್ಟಿದಾಗ ನಾನು ದೂರದಲ್ಲಿದ್ದೆ, ಬರಲಾಗಲಿಲ್ಲ. ಆ ಲೇಖನವನ್ನು ಈಗಲೂ ಯಾರಾದರೂ ಓದಿ ಪತ್ರ ಬರೆಯುತ್ತಾರೆ, ಈ ಯೋಚನೆ ನಿಮಗೆ ಹೇಗೆ ಹೊಳೆಯಿತು ಎಂದು ಕೇಳುತ್ತಾರೆ. ಪ್ರತಿ ಸಲವೂ ಮೇಷ್ಟ್ರ ವಿಷಯ ಬರೆಯುತ್ತೇನೆ. ಆದರೆ ಅವರ ಹೆಸರಿಲ್ಲದೆ ಅಚ್ಚಾದದ್ದು ಅಚ್ಚಾಯಿತು… ಬೇಡವೆಂದು ಅವರು ಹೇಳಿದ್ದು ಒಂದೇ ಸಲ. ನಾನು ಕೇಳಿದ್ದೂ ಒಂದೇ ಸಲ.