ಬೀಡಿ ಸೇದುವ ರಾಣಿ

ನಮ್ಮ ಮಲ್ಲಪ್ಪ ಕಾಕಾನಿಗೆ ಚೊಕ್ಕ ರೂಪಾಯಿ ಕಂಡರೆ ಆಗುತ್ತಿರಲಿಲ್ಲ. ಹೊಳೆಯುವ ನಾಣ್ಯ ಕೈಗಿಟ್ಟರೆ ಹಿಂದುಮುಂದು ತಿರುಗಿಸಿ, ಮುಖ ಸಿಂಡರಿಸಿ, "ಇದರಾಗ ಒಂದೂ ಐಬಿಲ್ಲ, ಒಯ್ಯೋ" ಎಂದು ಮರಳಿಸುತ್ತಿದ್ದ. ಅಕ್ಷರ ಎರಡು ಸಲ ಒತ್ತಿದ್ದೋ, ಚಿತ್ರ ಒಂದು ಮಗ್ಗುಲಿಗೆ ಜಾರಿದ್ದೋ ಸಿಕ್ಕಿತೆಂದರೆ ಮುಗಿಯಿತು, ಅಂದು ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಹೊಟ್ಟೆಪಾಡಿನ ಕೆಲಸ ಮಾತ್ರ ತದ್ವಿರುದ್ಧ. ಇಚಲಕರಂಜಿಯ ಪಾವರಲೂಮಿನಲ್ಲಿ ನೇಯ್ದ ಬಟ್ಟೆಯ ದೋಷ ಹಿಡಿಯುವವನು ಅವನು. ಎಳೆ ಎಣಿಸುವ ಪುಟ್ಟ ಭೂತಗನ್ನಡಿ ಸದಾ ಅಂಗಿಯ ಕಿಸೆಯಲ್ಲಿ. ಹಗಲೆಲ್ಲ ತಪ್ಪಿಗಾಗಿ ನೇಕಾರರನ್ನು ಬೈದು, ಸಂಜೆಯಾದರೆ ತಪ್ಪಿಗಾಗಿಯೇ ಜೀವ ಬಿಡುತ್ತಿದ್ದ. ಕೇಳಿದರೆ, "ಬಟ್ಟ್ಯಾಗ ತಪ್ಪಾದ್ರ ನಮ್ಮಂಥಾ ಮನಿಷ್ಯಾ ತೂಕಡಿಸ್ಯಾನ ಅಂತ ಅರ್ಥ. ರೂಪಾಯ್ಯಾಗ ತಪ್ಪಾದ್ರ ಸರಕಾರನ ತೂಕಡಿಸೈತಿ. ಅದನ್ನ ಕಣ್ಣಾರೆ ನೋಡೂ ಭಾಗ್ಯ ಯಾರಿಗೈತೋ ತಮ್ಮಾ?" ಎನ್ನುತ್ತಿದ್ದ.

ರಜೆಯ ದಿನ ಹುಪರಿಗೆ ಹೋಗುತ್ತಿದ್ದ. ಹಳೇ ಬೆಳ್ಳಿ ರೂಪಾಯಿ ಕರಗಿಸಿ ಕಾಲ್ಗೆಜ್ಜೆ ಮಾಡುವವರ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಸೆಗೆ ಬೀಳುವ ಮೊದಲು ಒಂದೊಂದನ್ನೂ ಭೂತಗನ್ನಡಿಗೆ ಹಿಡಿಯುತ್ತಿದ್ದ. ಐಬಿನದು ಸಿಕ್ಕರೆ ತನ್ನ ಕಿಸೆಯ ಚೊಕ್ಕ ಬೆಳ್ಳಿ ರೂಪಾಯಿ ಕೊಟ್ಟು ಅದನ್ನು ತೆಗೆದುಕೊಳ್ಳುತ್ತಿದ್ದ. "ಕಾಕಾ, ಲವಕರ ಬಘಾ ಹೋ, ಭಟ್ಟೀ ಥಂಡ ಹೋತೆಯ!" ಎಂದು, ಭಟ್ಟಿ ಆರುತ್ತದೆ ಬೇಗ ನೋಡೆಂದು, ಆ ಮನೆಯವರು ಮರಾಠಿಯಲ್ಲಿ ಬೊಬ್ಬೆ ಹೊಡೆದರೂ ಇವನು ಏಳುವವನಲ್ಲ.

ಅಲ್ಲಿ ಸಿಕ್ಕವರೇ ಅವನ ಇಬ್ಬರು ರಾಣಿಯರು. ಎರಡೂ ಒಂದೇ ಅಚ್ಚಿನಲ್ಲಿ ಒತ್ತಿದ ವಿಕ್ಟೋರಿಯಾ ರೂಪಾಯಿ. ಅಚ್ಚು ಬಿರುಕು ಬಿಟ್ಟು, ಆ ಬಿರುಕು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡಿತ್ತು. ಒಂದರಲ್ಲಿ ರಾಣಿಯ ತುಟಿಯ ಮುಂದೆ ಎಳ್ಳಿನಷ್ಟು, ಇನ್ನೊಂದರಲ್ಲಿ ಅಕ್ಕಿಕಾಳಿನಷ್ಟು. "ಬಿರುಕು ಬೆಳೀತಾ ಹೋಗೈತಿ ನೋಡು. ಅಂಚಿಗೆ ಮುಟ್ಟಿದಾಕಿ ಒಬ್ಬಾಕಿ ಎಲ್ಲೋ ಇರಾಕಬೇಕು. ಆ ಮೂರನೇಕಿ ಸಿಕ್ಕಳಂದ್ರ ನಾ ಸತ್ರೂ ಚಿಂತಿಲ್ಲ" ಎಂದು ವರ್ಷಗಟ್ಟಲೆ ಹಲುಬಿದ.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಹೆಣ್ಣು ನೋಡಲು ಗಡಹಿಂಗ್ಲಜಕ್ಕೆ ಹೋದೆವು. ಅಪ್ಪ ಇರಲಿಲ್ಲ, ಹಿರಿಯನೆಂದು ಬಂದವನು ಕಾಕಾ. ಹುಡುಗಿ ಸುಶೀಲಾ ಚಹಾ ತಂದಳು. ಸುಳ್ಳು ಯಾಕೆ ಹೇಳಲಿ, ನೋಡಿದ ಕೂಡಲೇ ಕುದಿಯುವ ಚಹಾವನ್ನು ಬಸಿಗೂ ಹಾಕದೆ ಗಟಗಟ ಕುಡಿದುಬಿಟ್ಟೆ. ಅವ್ವ ನನ್ನ ಮುಖ ನೋಡಿ ನಕ್ಕಳು.

ಹೆಣ್ಣು ಒಪ್ಪಿದರೆ ಉಡಿಯಲ್ಲಿ ಅಕ್ಕಿ, ಕಾಯಿ ಹಾಕಿ, ಮೇಲೆ ಹಿರಿಯರು ಬೆಳ್ಳಿ ರೂಪಾಯಿ ಇಡುವುದು ನಮ್ಮ ಪದ್ಧತಿ. ಇಟ್ಟರೆ ಮಾತು ಪಕ್ಕಾ. ಅಂದಿನ ರೂಪಾಯಿ ನಮ್ಮ ದೇವರ ಜಗಲಿಯದು. ಅರಿಷಿಣ ಕುಂಕುಮ ಮೆತ್ತಿ ಅದರ ಮುಖವೇ ಮುಚ್ಚಿಹೋಗಿತ್ತು. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅರಿವೆಯಲ್ಲಿ ಸುತ್ತಿ ತಂದಿದ್ದಳು. ಕಾಕಾ ಅದನ್ನು ಬಿಚ್ಚಿ ಸುಶೀಲಾಳ ಉಡಿಯಲ್ಲಿಟ್ಟ. ಇಟ್ಟವನು ಬಗ್ಗಿ ನೋಡಿದ. ಮರುಗಳಿಗೆ ಗಬಕ್ಕನೆ ಎತ್ತಿಕೊಂಡು ಕಿಟಕಿಗೆ ಓಡಿದ!

ಸುಶೀಲಾಳ ಅಪ್ಪ ಎದ್ದು ನಿಂತರು. "ಹುಡುಗಿ ಮನಸಿಗೆ ಬರಲಿಲ್ಲಂದ್ರ ಮೊದಲ ಹೇಳಬೇಕಿತ್ರಿ. ಉಡ್ಯಾಗಿಂದು ಕಸಗೊಂಡು ಓಡೂದು ಯಾವ ಊರ ರೀತಿರಿ?"

"ಮಲ್ಲಪ್ಪಾ, ನನ್ನ ಮಗನ ಸಂಸಾರ ಸುರು ಆಗೂಕಿಂತ ಮೊದಲ ಮಣ್ಣಪಾಲ ಮಾಡಿದೆಲ್ಲೋ!" ಅವ್ವ ಹಣೆ ಬಡಿದುಕೊಂಡಳು.

ಕಾಕಾನಿಗೆ ಕಿವಿಯೇ ಇರಲಿಲ್ಲ. ಕನ್ನಡಿ ಕಣ್ಣಿಗೊತ್ತಿಕೊಂಡು ಕುಣಿಯುತ್ತಿದ್ದ. "ಅಂಚಿಗೆ ಮುಟ್ಟೈತ್ರಿ! ವೈನಿ, ಇಷ್ಟ ವರ್ಷ ನಿಮ್ಮ ಜಗಲಿ ಮ್ಯಾಲೆ ಕೂತಾಳ್ರಿ ಇಕಿ!"

ನನಗೆ ಅವನ ಕುತ್ತಿಗೆ ಹಿಚುಕಬೇಕೆನಿಸಿತು. ಅಷ್ಟರಲ್ಲಿ ಸುಶೀಲಾ ಉಡಿಯ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದಳು. "ಏನೈತ್ರಿ ಅದರಾಗ? ನಾನೂ ನೋಡತೇನಿ." ಕನ್ನಡಿಯಲ್ಲಿ ಇಣುಕಿ ಕಿಸಕ್ಕನೆ ನಕ್ಕಳು. "ಅಪ್ಪಾ, ರಾಣಿ ಬೀಡಿ ಸೇದಾಕತ್ತಾಳ!"

ಒಳಗಿನ ಹೆಂಗಸರು ನಕ್ಕರು. ಅವಳಪ್ಪ ನಗಲಿಲ್ಲ. "ಸೇದಲಿ. ರೂಪಾಯಿ ಉಡಿಗೆ ಬರಬೇಕು."

ಕಾಕಾ ಕಿಸೆಯಿಂದ ಇನ್ನೊಂದು ಬೆಳ್ಳಿ ರೂಪಾಯಿ ತೆಗೆದ. "ಬೀಗರ, ಇದನ್ನ ಇಡತೇನ್ರಿ. ಭಾಳ ಚೊಕ್ಕ ಐತಿ, ಒಂದೂ ಐಬಿಲ್ಲ."

"ಇಟ್ಟಿದ್ದನ್ನ ಇಡ್ರಿ. ಇಲ್ಲಾಂದ್ರ ಚಹಾ ಕುಡದೀರಿ, ಹೊಂಡ್ರಿ."

ಕಾಕಾ ನನ್ನ ಕಡೆ ಒಮ್ಮೆ ನೋಡಿದ, ರೂಪಾಯಿಯ ಕಡೆ ಮೂರು ಸಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಅದನ್ನು ಉಡಿಗೆ ಹಾಕಿದ. ಬಸ್ಸು ಇಚಲಕರಂಜಿ ಮುಟ್ಟುವವರೆಗೆ ನನಗೆ ಬೆನ್ನು ಮಾಡಿ ಕೂತಿದ್ದ.

ಮದುವೆಯಾದ ಮೇಲೆ "ಸೊಸಿ ನೋಡಾಕ ಬಂದೇನಿ" ಎಂದು ಹಬ್ಬಕ್ಕೊಮ್ಮೆ ಬರುತ್ತಿದ್ದ. ಯಾರನ್ನು ನೋಡಲು ಬಂದಿದ್ದಾನೆಂದು ಸುಶೀಲಾಳಿಗೆ ಗೊತ್ತೇ ಇತ್ತು. ರೂಪಾಯಿ ತಂದು ಅಂಗೈಯಲ್ಲಿ ಹಿಡಿಯುತ್ತಿದ್ದಳು. ಕಾಕಾ ತನ್ನ ಎರಡನ್ನೂ ಅದರ ಪಕ್ಕಕ್ಕಿಟ್ಟು, ಮೂವರು ರಾಣಿಯರನ್ನೂ ಕಣ್ತುಂಬ ನೋಡಿ, ಚಹಾ ಕುಡಿದು, ತನ್ನಿಬ್ಬರನ್ನು ಕರೆದುಕೊಂಡು ಹೋಗುತ್ತಿದ್ದ. ಮೂರನೆಯದನ್ನು ಮುಟ್ಟುತ್ತಿರಲಿಲ್ಲ. "ಕೈಯಾಗ ತಗೊಂಡು ನೋಡ್ರಿ ಕಾಕಾ" ಎಂದರೆ, "ಬ್ಯಾಡವ್ವಾ, ನನ್ನ ಕೈ ಮ್ಯಾಲೆ ನನಗ ನಂಬಿಗಿಲ್ಲ" ಎನ್ನುತ್ತಿದ್ದ.

ನಾವು ಅವನನ್ನು ಕೊನೆಯ ಸಲ ಕಂಡಿದ್ದು ಕೊಲ್ಹಾಪುರದಲ್ಲಿ, ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದ. ಕಣ್ಣು ಪೂರ್ತಿ ಹೋಗಿತ್ತು, ಕನ್ನಡಿ ಸುಮ್ಮನೆ ಗೂಟದ ಅಂಗಿಯಲ್ಲಿತ್ತು. ಸುಶೀಲಾ ರೂಪಾಯಿಯನ್ನು ಅವನ ಅಂಗೈಯಲ್ಲಿಟ್ಟಳು. ಕಾಕಾ ಹೆಬ್ಬೆರಳಿನಿಂದ ಸವರಿದ. "ತುಟಿ ಇಲ್ಲೈತಿ... ಗೆರಿ ಇಲ್ಲೈತಿ..." ಬೆರಳು ಅಂಚಿಗೆ ಮುಟ್ಟಿದಾಗ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ.

"ನಿಮ್ಮ ಹತ್ರನ ಇರಲ್ರಿ ಕಾಕಾ. ನಾ ಮನಸಾರೆ ಹೇಳಾಕತ್ತೇನಿ" ಎಂದಳು ಸುಶೀಲಾ.

ಅವನ ಮುಷ್ಟಿ ಬಿಗಿಯಾಯಿತು. ತೆಗೆದುಕೊಳ್ಳಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಕೊನೆಗೆ ಗೆರೆಯನ್ನು ಇನ್ನೊಮ್ಮೆ ಸವರಿ, ಕೈ ಮುಂದೆ ಚಾಚಿದ.

"ಉಡಿ ಹಿಡಿ ಮಗಳ. ಅವತ್ತ ನಿಮ್ಮಪ್ಪಗ ಅಂಜಿ ಇಟ್ಟಿದ್ದೆ. ಇವತ್ತ ನಾ ಕೊಡಾಕತ್ತೇನಿ."