ಕದಲದ ಅಂಕಿ

ಎಲ್ಲರೂ ಅವನನ್ನು ಸರ್ಕ್ಯೂಟಣ್ಣ ಎಂದೇ ಕರೆಯುತ್ತಿದ್ದರು. ಕೆಟ್ಟ ಮಿಕ್ಸಿ, ಸತ್ತ ಟೀವಿ, ಏನೇ ತನ್ನಿ, ಅವನ ಅಂಗಡಿಯಲ್ಲಿ ಜೀವ ಬರುತ್ತಿತ್ತು. ಬಾಯಿಯೂ ಅಷ್ಟೇ ಜೋರು. ಅವನ ಅಕ್ಕ ಕೋಳಿಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿ ಮಾರುವವಳು. ಅವಳ ಶೆಡ್ಡಿಗೆ ಬಿಸಿ ಅಳೆಯುವ ಮಷಿನ್ನು ಕೂರಿಸುತ್ತೇನೆಂದು ತಾನೇ ಮೇಲೆ ಬಿದ್ದು ಹೋದ. ಅದರ ಅಂಕಿ ನೋಡಿ ಅಕ್ಕ ಹೀಟರ್ ಹಾಕಬೇಕು, ಆರಿಸಬೇಕು.

ಕಾವಿನ ಕೋಣೆ ಶೆಡ್ಡಿನ ಆ ತುದಿ, ಅಕ್ಕ ಕೂರುವುದು ಈ ತುದಿ. ಅಷ್ಟು ದೂರಕ್ಕೆ ಹೆಣೆದ ಜೋಡಿ ತಂತಿಯ ಆರ್‌ಎಸ್-485 ಎಂಬ ಜೋಡಣೆ ಹಾಕಬೇಕು. ಫ್ಯಾನಿನ ಮೋಟರು ಎಬ್ಬಿಸುವ ಕರೆಂಟಿನ ಗಲಾಟೆ ಎರಡೂ ಎಳೆಗೆ ಒಂದೇ ಸಮ ತಗಲುತ್ತದೆ, ಎಳೆಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಸುದ್ದಿ ಕೆಡದೆ ಮುಟ್ಟುತ್ತದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದರ ಚಿಪ್ ತರಿಸಲು ಕಾಯಬೇಕಿತ್ತು. ಕೈಯಲ್ಲಿದ್ದದ್ದು ಐ-ಟು-ಸಿ, ಒಂದೇ ಡಬ್ಬಿಯೊಳಗಿನ ಚಿಪ್ಪುಗಳು ಗೇಣು ದೂರ ಮಾತಾಡಲು ಮಾಡಿದ್ದು. ಅದಕ್ಕೇ ಉದ್ದ ತಂತಿ ಕಟ್ಟಿ, "ಇದೇನು ಬ್ರಹ್ಮವಿದ್ಯೆನಾ ಅಕ್ಕ?" ಎಂದ.

ಫ್ಯಾನು ತಿರುಗಿದಾಗೆಲ್ಲ ಅಂಕಿ ಹುಚ್ಚು ಹಿಡಿದಂತೆ ಕುಣಿಯಿತು. ಭಾವ ಬಿದ್ದು ಬಿದ್ದು ನಕ್ಕರು. "ಏನೋ ಸರ್ಕ್ಯೂಟು, ಮೊಟ್ಟೆಗೆ ಚಳಿಜ್ವರನಾ?"

ಅವನಿಗೆ ಮೈಯೆಲ್ಲ ಉರಿಯಿತು. ತಂತಿ ಬದಲಿಸುವುದು ಬಿಟ್ಟು ಪ್ರೋಗ್ರಾಮಿನಲ್ಲಿ ಒಂದು ಸಾಲು ತುರುಕಿದ: ಸುದ್ದಿ ಸರಿಯಾಗಿ ಬಾರದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸು. ಕುಣಿತ ನಿಂತಿತು. ಭಾವನ ಬಾಯಿಯೂ ಮುಚ್ಚಿತು. ಥೂ, ಮರ್ಯಾದೆ ಉಳಿಸಿಕೊಳ್ಳಲು ಮನುಷ್ಯ ಏನೆಲ್ಲ ಮಾಡುತ್ತಾನೆ!

ಒಂದು ಮಧ್ಯಾಹ್ನ ಅಕ್ಕ ಮೊಟ್ಟೆಯೊಂದನ್ನು ಮುಚ್ಚಿದ ಕಣ್ಣರೆಪ್ಪೆಗೆ ಒತ್ತಿಕೊಂಡಳು. ಕಾವು ನೋಡಲು ಅವಳು ಕಲಿತದ್ದೇ ಹಾಗೆ. "ಯಾಕೋ ಸುಡ್ತಿದೆ ಕಣೋ. ಹೀಟರ್ ಆರಿಸ್ಲಾ?"

ಅವನು ಪರದೆ ನೋಡಿದ. "ಮೂವತ್ತೇಳೂವರೆ ಡಿಗ್ರಿ. ಸರಿಯಾಗೇ ಇದೆ. ರೆಪ್ಪೆಗೆ ಒತ್ತಿ ನೋಡೋ ಕಾಲ ಹೋಯ್ತು, ಸುಮ್ನಿರಕ್ಕ."

ಅಕ್ಕ ಹೀಟರ್ ಆರಿಸದೆ ಮೊಟ್ಟೆಯನ್ನು ವಾಪಸು ಇಟ್ಟಳು. ಆ ಸಲ ಒಂದು ಮರಿಯೂ ಹೊರಬರಲಿಲ್ಲ.

ಅವನು ಮಷಿನ್ನು ಬಿಚ್ಚಿ ನೋಡಿದ. ಸುದ್ದಿ ಬರುವುದು ಯಾವಾಗಲೋ ನಿಂತಿತ್ತು, ಪರದೆ ಹಳೆಯ ಅಂಕಿಯನ್ನೇ ಜಪಿಸುತ್ತಿತ್ತು. ನಾಚಿಕೆಯಿಂದ ಹಿಡಿಯಷ್ಟಾದ. ಹೇಳಿಬಿಡೋಣವೆಂದು ಹೋದರೆ ಅಕ್ಕ ಶೆಡ್ಡಿಗೆ ಬೀಗ ಹಾಕುತ್ತಿದ್ದಳು.

"ತಪ್ಪು ನಂದೇ ಕಣಪ್ಪ, ಎಲ್ಲೋ ಎಡವಿದೀನಿ. ನಿನ್ನ ಮಷಿನ್ನು ಸರಿಯಾಗೇ ಇತ್ತು. ನನ್ನ ರೆಪ್ಪೆನೇ ಸುಳ್ಳು ಹೇಳೋಕೆ ಶುರು ಮಾಡಿದೆ. ಇನ್ನು ಈ ಕೆಲಸ ನನ್ನ ಕೈಲಾಗಲ್ಲ, ಬಿಟ್ಬಿಡ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಅವನ ಮಾನ ಉಳಿಯುತ್ತಿತ್ತು. ದೇವರಾಣೆ, ಹಾಗೇ ಮಾಡಿಬಿಡೋಣವೆಂದೂ ಅನಿಸಿತು.

"ಅಕ್ಕ, ಸುಳ್ಳು ಹೇಳಿದ್ದು ಮಷಿನ್ನು. ಹಾಗೆ ಹೇಳೋಕೆ ಕಲಿಸಿದ್ದು ನಾನು. ಭಾವ ನಕ್ಕರಲ್ಲ, ಅದಕ್ಕೆ."

ಬೈಯಲಿ, ಕಪಾಳಕ್ಕೆ ಬಿಗಿಯಲಿ ಎಂದು ತಲೆ ತಗ್ಗಿಸಿ ನಿಂತ. ಅಕ್ಕ ಬಾಗಿಲಿಗೆ ಒರಗಿದಳು.

"ಹಾಗಾದ್ರೆ ಅವತ್ತು ನಿಜವಾಗ್ಲೂ ಬಿಸಿ ಜಾಸ್ತಿ ಇತ್ತಾ?"

"ಇತ್ತಕ್ಕ."

"ಸದ್ಯ!" ಎಂದಳು ಅಕ್ಕ. ಕಣ್ಣಲ್ಲಿ ನೀರು, ಮುಖದಲ್ಲಿ ಹೋದ ಜೀವ ಬಂದಂಥ ಸಮಾಧಾನ. "ನನಗೆ ಗೊತ್ತಾಗಿತ್ತು ಕಣೋ. ನನಗೆ ಗೊತ್ತಾಗಿತ್ತು."

ಬೈದಿದ್ದರೆ ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ಸಮಾಧಾನವನ್ನು ನೋಡಲಾಗದೆ ಅವನು ಗೋಡೆಯ ಕಡೆ ತಿರುಗಿದ.