ಬಾಯಾರಿದ ದಂಟು

ಠಕ್, ಠಕ್, ಠಕ್. ನಮ್ಮ ಓಣಿಗೆ ಬೆಳಗಾಗುವುದು ಈ ಸದ್ದಿನಿಂದ. ದೊಡ್ಡಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒರಗಿಸಿಟ್ಟ ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಾಳೆ.

ಅವು ಮರದ ಹಲಗೆಗಳಲ್ಲ. ಹೊಲದಲ್ಲಿ ಸುಟ್ಟುಹಾಕುತ್ತಿದ್ದ ಸೆಣಬಿನ ದಂಟನ್ನು ಸಣ್ಣಗೆ ಕತ್ತರಿಸಿ, ಸುಣ್ಣ, ಗೋಂದು ಕಲಸಿ, ಅಚ್ಚಿಗೆ ತುಂಬಿ, ನೆರಳಲ್ಲಿ ಇಪ್ಪತ್ತೊಂದು ದಿನ ಒಣಗಿಸಿದವು. ಸಿಮೆಂಟಿನ ಮಾತೇ ಇಲ್ಲ. ಆ ಹದ ಕೈಗೆ ಹತ್ತಲು ಅವಳಿಗೆ ಹನ್ನೆರಡು ವರ್ಷ ಹಿಡಿಯಿತು. ಮೊದಲ ವರ್ಷದವು ಇಲಿ ಓಡಾಡಿದರೂ ಉದುರುತ್ತಿದ್ದವಂತೆ. ಆಮೇಲೆ ಗಟ್ಟಿಯಾದರೂ ಕೋಳಿಗೂಡು, ಸೈಕಲ್ ಶೆಡ್ಡು ದಾಟಿ ಮೇಲೆ ಹೋಗಿರಲಿಲ್ಲ. ಈಗ ಶಾಲೆಯ ಓದುವ ಕೋಣೆಗೆ ನಲವತ್ತು ಹಲಗೆ ಕೇಳಿದ್ದರು. ಇಂಜಿನಿಯರ್ ಸಹಿ ಹಾಕಿದರೆ ಮೊದಲ ಬಾರಿಗೆ ಮಕ್ಕಳು ಅವಳ ಗೋಡೆಗೆ ಒರಗಿ ಕೂರುತ್ತಾರೆ.

ಇಂಜಿನಿಯರ್ ಬಂದರು. ಎರಡು ಹಲಗೆ ಆರಿಸಿ ಭಾರ ಹೇರಿದರು, ಅಳೆದರು, ಪೆನ್ನು ತೆಗೆದರು. ಅಷ್ಟರಲ್ಲಿ ದೊಡ್ಡಮ್ಮನ ಗೆಣ್ಣು ಮೂಲೆಯ ಹಲಗೆಯ ಮೇಲೆ ನಿಂತಿತು. ಅದು ಠಕ್ ಅನ್ನಲಿಲ್ಲ, ಬೊದ್ ಅಂದಿತು.

ಅಂಚನ್ನು ಉಗುರಿನಿಂದ ಕೆರೆದಳು. ಬಿಳಿ ಪುಡಿ ಉದುರಿತು.

"ರೀ, ನನಗೆ ಜ್ವರ ಬಂದಿದ್ದ ದಿನ ಕಲಸಿದ್ದು ನೀವಲ್ವಾ? ದಂಟು ನೆನೆಸಿದ್ರಾ?"

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ತಲೆ ಕೆರೆದುಕೊಂಡರು. "ನೆನೆಸೋಕೆ ಅದೇನು ಕಡಲೆಕಾಳಾ?"

"ಬಾಯಾರಿದ ದಂಟು ಸುಣ್ಣದ ನೀರೆಲ್ಲ ಕುಡಿದುಬಿಡುತ್ತೆ. ಸುಣ್ಣ ಪಾಪ ಯಾವುದರಿಂದ ಗಟ್ಟಿಯಾಗಬೇಕು? ಮೂವತ್ತು ವರ್ಷ ಸಂಸಾರ ಮಾಡಿದೀರಿ, ಇಷ್ಟು ತಿಳೀಲಿಲ್ವಾ!"

ಇಂಜಿನಿಯರ್ ನಕ್ಕರು. "ಬಿಡಿಮ್ಮ, ನನ್ನ ಲೆಕ್ಕದಲ್ಲಿ ಪಾಸಾಗಿದೆ."

"ನಿಮ್ಮ ಲೆಕ್ಕದಲ್ಲಿ ಪಾಸು ಸರ್, ನನ್ನ ಬೆರಳಲ್ಲಿ ಫೇಲು. ಸಹಿ ಹಾಕಬೇಡಿ."

ಅವಳು ಸೀಮೆಸುಣ್ಣ ಹಿಡಿದು, ಜ್ವರದ ದಿನ ಕಲಸಿದ ಹನ್ನೆರಡು ಹಲಗೆಗಳ ಮೇಲೂ ಗೀಟು ಎಳೆದಳು. ಕಣ್ಣು ಒಮ್ಮೆ ಇಂಜಿನಿಯರರ ಪೆನ್ನಿನ ಕಡೆ ಹೋಗಿ ಬಂತು.

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಉದುರಿದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಹೊಸದಕ್ಕೆ ಎಷ್ಟು ದಿನ ಬೇಕು?"

"ಇಪ್ಪತ್ತೊಂದು. ಸುಣ್ಣಕ್ಕೆ ಅವಸರ ಅನ್ನೋದು ಗೊತ್ತಿಲ್ಲ ಸರ್."

"ಕಾಯ್ತೀನಿ. ಆವತ್ತು ನೀವೇ ತಟ್ಟಿ ಹೇಳಿ, ಆಮೇಲೇ ಸಹಿ."

ದೊಡ್ಡಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನ ಡ್ರಮ್ಮಿನತ್ತ ನಡೆದಿದ್ದಳು. "ಬನ್ರೀ, ನಿಂತ್ಕೋಬೇಡಿ. ಮೊದಲು ದಂಟಿಗೆ ನೀರು ಕುಡಿಸೋಣ, ಅದು ಸಾಕು ಅಂದಮೇಲೆ ಸುಣ್ಣ, ಆಮೇಲೆ ಗೋಂದನ್ನ ನಿಧಾನಕ್ಕೆ ಕಲಸೋಣ."